ಇರಲಿ ಬಿಡಿ, ಬೇಕಾದೀತು

ನಮ್ಮ ಬೀದಿಯ ಯಾವ ಮನೆಯ ಅಟ್ಟಕ್ಕೆ ಏಣಿ ಹಾಕಿದರೂ ಒಂದು ಕಂಪ್ಯೂಟರ್ ಸಿಕ್ಕೇ ಸಿಗುತ್ತದೆ. ಬೆಳ್ಳಗಿದ್ದದ್ದು ಹಳದಿಗೆ ತಿರುಗಿರುವ ಸಿಪಿಯು ಡಬ್ಬ, ಬೆನ್ನು ಉಬ್ಬಿದ ಮಾನಿಟರ್, ಹಳೇ ದುಪ್ಪಟಿ ಹೊದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಕ್ಕಿ ಚೀಲದ ತುಂಬ ವೈರು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಐಟಿಐ, ಬಿಇಎಲ್, ಎಚ್‌ಎಂಟಿಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳಲ್ಲಿ ಇದರ ಜೊತೆಗೆ ಒಂದು ಸೋಲ್ಡರಿಂಗ್ ಐರನ್ನೂ ಒಂದು ಮಲ್ಟಿಮೀಟರೂ ಇರುತ್ತವೆ. "ಇದೆಲ್ಲ ಯಾಕೆ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಇರಲಿ ಬಿಡಿ, ಬೇಕಾದೀತು."

ಆಯುಧಪೂಜೆಗೆ ಮುಂಚೆ ಸುಣ್ಣಬಣ್ಣ ಆಗಬೇಕೆಂದು ಪಕ್ಕದ ಮನೆಯ ಮೇಷ್ಟ್ರು ಮೊನ್ನೆ ಅಟ್ಟ ಖಾಲಿ ಮಾಡಿಸಿದರು. ಸಾಮಾನೆಲ್ಲ ಅಂಗಳದಲ್ಲಿ ಹರಡಿತ್ತು. ಕಾಂಪೌಂಡಿನ ಮೇಲೆ ಮೊಣಕೈ ಊರಿ ನನ್ನನ್ನು ಕರೆದರು.

"ಏನ್ ಮಾಡ್ಲಿ ಹೇಳಿ ಇದನ್ನ? ಗುಜರಿಯವನು ಎಲ್ಲ ಸೇರಿಸಿ ತೂಕಕ್ಕೆ ಹಾಕ್ಕೊಳ್ತೀನಿ ಅಂತಾನೆ. ಮಗ ಫೋನ್ ಮಾಡಿದಾಗೆಲ್ಲ 'ಬಿಸಾಕಿ ಅಪ್ಪ' ಅಂತಾನೆ. ಕೈ ಮಾತ್ರ ಬರ್ತಿಲ್ಲ."

"ಕೆಳಗಿಳಿಸಿದ್ದು ಒಳ್ಳೇದಾಯ್ತು ಮೇಷ್ಟ್ರೇ. ಗುಜರಿಯವನನ್ನ ಮಾತ್ರ ನಾಲ್ಕು ದಿನ ತಡೀರಿ" ಎಂದೆ. ಅಲ್ಲಿಂದ ಶುರುವಾದ ಮಾತು ಅವರ ಮನೆಯಿಂದ ಎರಡು ಸಲ ಕಾಫಿ ಬಂದರೂ ಮುಗಿಯಲಿಲ್ಲ. ಅದರ ಸಾರ ನಿಮಗೂ ಹೇಳಬೇಕು. ಏಕೆಂದರೆ ನಿಮ್ಮ ಮನೆಯಲ್ಲೂ ಒಂದು ಅಟ್ಟ ಇದೆ.

ಕೈ ಬಾರದಿರುವುದಕ್ಕೆ ತಕ್ಕ ಕಾರಣವಿದೆ. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಅದೇ ತಿಂಗಳು ವಿಂಡೋಸ್ 95 ಹೊರಬಂತು. ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗೆ ಕಂಪ್ಯೂಟರ್ ತರುವುದೆಂದರೆ ಹಲವು ತಿಂಗಳ ಸಂಬಳ ಒಟ್ಟು ಮಾಡಿ ತರುವುದು. ಎಸ್‌.ಪಿ. ರಸ್ತೆಯ ಅಂಗಡಿ ಅಂಗಡಿ ತಿರುಗಿ ಮದರ್‌ಬೋರ್ಡ್ ಒಂದು ಕಡೆ, ರ‍್ಯಾಮ್ ಇನ್ನೊಂದು ಕಡೆ, ಕ್ಯಾಬಿನೆಟ್ ಮತ್ತೊಂದು ಕಡೆ ಚೌಕಾಸಿ ಮಾಡಿ ಕೊಂಡು, ಆಟೋದಲ್ಲಿ ಮಾನಿಟರನ್ನು ಮಡಿಲ ಮೇಲೆ ಇಟ್ಟುಕೊಂಡು ಬಂದವರು ನಾವು. ಮಗನ ಎಂಜಿನಿಯರಿಂಗ್ ಪ್ರಾಜೆಕ್ಟು, ಮಗಳ ಮೊದಲ ಇಮೇಲು, ಅಮೆರಿಕದಲ್ಲಿದ್ದ ತಮ್ಮನ ಜೊತೆ ಮೊದಲ ಚಾಟು, ಎಲ್ಲ ಆ ಡಬ್ಬದ ಮುಂದೆಯೇ ಆಗಿವೆ. ಪ್ರತಿ ವರ್ಷ ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಆರತಿ ಎತ್ತಿದ್ದೇವೆ. ಮೇಷ್ಟ್ರ ಸಿಪಿಯುವಿನ ಹಣೆಯ ಮೇಲೆ ಆ ಕುಂಕುಮದ ಕಲೆ ಇನ್ನೂ ಇದೆ. ಪೂಜೆ ಮಾಡಿದ ವಸ್ತುವನ್ನು ತೂಕಕ್ಕೆ ಹಾಕಲು ಮನಸ್ಸು ಒಪ್ಪುವುದಿಲ್ಲ ಎಂದರೆ ಅದನ್ನು ಜಿಪುಣತನ ಎನ್ನಬಾರದು. ದುಡಿದ ಸಾಧನಕ್ಕೆ ಮರ್ಯಾದೆ ಕೊಡುವ ಸಂಸ್ಕಾರ ಅದು.

ವೈರಿನ ಚೀಲವನ್ನು ಮೇಷ್ಟ್ರು ಜಗಲಿಯ ಮೇಲೆ ಸುರಿದರು. ಕಳೆದ ನಲವತ್ತು ವರ್ಷಗಳ ತಂತ್ರಜ್ಞಾನದ ಚರಿತ್ರೆ ಅಲ್ಲಿ ಸಿಕ್ಕುಸಿಕ್ಕಾಗಿ ಬಿದ್ದಿತ್ತು. ಮಾನಿಟರಿನ ಹದಿನೈದು ಪಿನ್ನಿನ ವಿಜಿಎ ಕೇಬಲ್, ಇದು 1987ರಲ್ಲಿ ಬಂದ ವಿನ್ಯಾಸ. ಪ್ರಿಂಟರಿನ ದಪ್ಪ ಪ್ಯಾರಲಲ್ ಕೇಬಲ್. ನೇರಳೆ ತುದಿಯ ಕೀಬೋರ್ಡು, ಹಸಿರು ತುದಿಯ ಮೌಸು. ಹಾರ್ಡ್‌ಡಿಸ್ಕಿನ ಅಗಲ ಪಟ್ಟಿಯಂಥ ಐಡಿಇ ಕೇಬಲ್. ಮೋಡೆಮ್ಮಿನಿಂದ ಟೆಲಿಫೋನಿಗೆ ಹೋಗುತ್ತಿದ್ದ ತೆಳು ತಂತಿ. ಹಳದಿ, ಬಿಳಿ, ಕೆಂಪು ತುದಿಗಳ ವಿಸಿಡಿ ಪ್ಲೇಯರ್ ವೈರು: ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ. ನೋಕಿಯಾದ ಸಣ್ಣ ಪಿನ್ನಿನ ಚಾರ್ಜರುಗಳು ಅರ್ಧ ಡಜನ್. 2012ರವರೆಗೆ ಐಫೋನಿಗೆ ಬರುತ್ತಿದ್ದ ಅಗಲ ತುದಿಯ ಕೇಬಲ್ ಒಂದು.

"ಒಂದೊಂದು ಸಾಮಾನಿಗೂ ಒಂದೊಂದು ವೈರು ಯಾಕೆ ಬೇಕಿತ್ತು?" ಎಂದು ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲಕ್ಕೂ ಒಂದೇ ತೂತು ಇರಲಿ ಎಂಬ ಆಸೆಯಿಂದಲೇ 1996ರಲ್ಲಿ ಯುಎಸ್‌ಬಿ ಬಂತು. ಬಂದ ಮೇಲೆ ಅದರಲ್ಲೇ ದೊಡ್ಡದು, ಚೌಕದ್ದು, ಮಿನಿ, ಮೈಕ್ರೋ ಎಂದು ಕವಲೊಡೆಯಿತು. 2014ರಲ್ಲಿ ಎರಡೂ ಕಡೆಯಿಂದ ಚುಚ್ಚಬಹುದಾದ ಸಿ ಮಾದರಿ ಬಂದ ಮೇಲೆ ಗೊಂದಲ ತಗ್ಗತೊಡಗಿತು. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಇದೇ ತೂತು ಇರಬೇಕೆಂದು ಕಾನೂನೇ ಮಾಡಿತು. ಇಪ್ಪತ್ತೆಂಟು ವರ್ಷ ಕಂಪನಿಗಳು ಬದಲಾಯಿಸುತ್ತಾ ಹೋದ ತುದಿಗಳೆಲ್ಲ ನಮ್ಮ ಅಕ್ಕಿ ಚೀಲಕ್ಕೆ ಬಂದು ಸೇರಿವೆ. ಚೀಲ ತುಂಬಿದ್ದು ಮನೆಯವರ ತಪ್ಪಿನಿಂದಲ್ಲ.

ಅದರಲ್ಲಿ ಬೇಕಾದದ್ದೂ ಇದೆ. ಸಿಪಿಯುವಿಗೆ ಕರೆಂಟು ಕೊಡುವ ಮೂರು ಪಿನ್ನಿನ ದಪ್ಪ ಪವರ್ ಕಾರ್ಡ್ ಇಂದಿನ ಮಾನಿಟರಿಗೂ ಹೊಂದುತ್ತದೆ, ಎಷ್ಟೋ ಪ್ರಿಂಟರುಗಳಿಗೂ ಹೊಂದುತ್ತದೆ. ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಮನೆಗೆ ಬೇಡವಾದೀತು. ಆದರೆ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನವರನ್ನು ಕೇಳಿ ನೋಡಿ. ಹಳೆಯ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ಕಳಿಸುವುದು ಆರ್‌ಎಸ್-232 ಎಂಬ ಅದೇ ತೂತಿನ ಮೂಲಕ. ಲಕ್ಷಾಂತರ ರೂಪಾಯಿಯ ಯಂತ್ರ ಇನ್ನೂ ಗಟ್ಟಿಮುಟ್ಟಾಗಿ ಲೋಹ ಕೊರೆಯುತ್ತಿರುವಾಗ ಬರೀ ಕೇಬಲ್ಲಿಗಾಗಿ ಅದನ್ನು ಬದಲಾಯಿಸಲು ಯಾರಿಂದಾದೀತು? ಅಂಥ ಕಡೆ ಸೀರಿಯಲ್ ಪೋರ್ಟ್ ಇರುವ ಹಳೇ ಕಂಪ್ಯೂಟರಿಗೆ ಇವತ್ತಿಗೂ ಕೆಲಸವಿದೆ.

ಫ್ಲಾಪಿಯ ಕಥೆಯೂ ಹೀಗೆಯೇ. ಮೂರೂವರೆ ಇಂಚಿನ ಫ್ಲಾಪಿ ಹಿಡಿಯುವುದು 1.44 ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಹಾಗೆಂದು ಫ್ಲಾಪಿ ಸಾಯಲಿಲ್ಲ. ಅಮೆರಿಕದ ಅಣ್ವಸ್ತ್ರ ಪಡೆ ಎಂಟು ಇಂಚಿನ ಫ್ಲಾಪಿಗಳನ್ನು ಬಿಟ್ಟದ್ದು 2019ರಲ್ಲಿ. ಅರ್ಜಿಗಳನ್ನು ಫ್ಲಾಪಿಯಲ್ಲೇ ಕೊಡಬೇಕೆಂಬ ಹಳೆಯ ನಿಯಮಗಳನ್ನೆಲ್ಲ ಜಪಾನ್ ಸರ್ಕಾರ ಪೂರ್ತಿ ತೆಗೆದುಹಾಕಿದ್ದು 2024ರಲ್ಲಿ. ಬೋಯಿಂಗ್ 747-400 ವಿಮಾನಗಳಿಗೆ ದಾರಿ ತೋರಿಸುವ ಮಾಹಿತಿಯನ್ನು ತುಂಬುತ್ತಿದ್ದುದು ಇದೇ ಮೂರೂವರೆ ಇಂಚಿನ ಫ್ಲಾಪಿಗಳಿಂದ.

"ನಮ್ಮ ಮನೆಗೆ ವಿಮಾನ ಎಲ್ಲಿಂದ ಬರ್ಬೇಕು?" ಎಂದು ಮೇಷ್ಟ್ರು ಫ್ಲಾಪಿಗಳ ಪ್ಲಾಸ್ಟಿಕ್ ಪೆಟ್ಟಿಗೆ ತೆರೆದರು. ಒಳಗೆ ಅವರದೇ ದುಂಡು ಅಕ್ಷರದ ಲೇಬಲ್ಲುಗಳು: 'ಗ್ರಾಮದ ಸ್ಥಳನಾಮ, ಭಾಗ 1', 'ಭಾಗ 2', 'ಅಜ್ಜಿ ಹೇಳಿದ ಹಾಡು'. ಹತ್ತಿಪ್ಪತ್ತು ವರ್ಷ ಊರೂರು ತಿರುಗಿ, ಹೊಲದ ಹೆಸರು, ಕೆರೆಯ ಹೆಸರು, ಸೋಬಾನೆ ಪದ ಕೇಳಿ ಬರೆದುಕೊಂಡು, ಆಮೇಲೆ ರಾತ್ರಿ ಕೂತು ಟೈಪ್ ಮಾಡಿದವರು ಅವರು. ಪುಸ್ತಕ ಆಗಬೇಕಿತ್ತು, ಆಗಲಿಲ್ಲ. ಕೈಬರಹದ ಪುಸ್ತಕಗಳನ್ನು ಮನೆ ಬದಲಾಯಿಸುವಾಗ ಗೆದ್ದಲು ತಿಂದಿತ್ತು. ಉಳಿದಿರುವುದು ಆ ಫ್ಲಾಪಿಗಳಲ್ಲಿ, ಇಲ್ಲವೇ ಆ ಹಳದಿ ಡಬ್ಬದ ಹಾರ್ಡ್‌ಡಿಸ್ಕಿನಲ್ಲಿ.

ನಾನು ಗುಜರಿಯವನನ್ನು ತಡೆಯಿರಿ ಎಂದದ್ದು ಈ ಕಾರಣಕ್ಕೆ. ಕನ್ನಡದ ಮಟ್ಟಿಗೆ ಅಟ್ಟದ ಮೇಲಿನ ಕಂಪ್ಯೂಟರಿನ ಪ್ರಶ್ನೆ ಬರೀ ಕಸದ ಪ್ರಶ್ನೆಯಲ್ಲ. ಲಿಪಿಗಳಿಗೆಲ್ಲ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದು ಮನೆಯ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ, ಜನರ ಕೈಗೆ ಹತ್ತಿದ್ದು ಇನ್ನೂ ತಡವಾಗಿ. ಅದಕ್ಕೆ ಮುಂಚೆಯೂ ಕನ್ನಡಿಗರು ಕಾದು ಕೂರಲಿಲ್ಲ. ಶ್ರೀಲಿಪಿ ಎಂಬ ತಂತ್ರಾಂಶ ಬಂತು, 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯ ನುಡಿ ಬಂತು. ನಾಡಿನ ಮೂಲೆ ಮೂಲೆಯ ಡಿಟಿಪಿ ಕೇಂದ್ರಗಳಲ್ಲಿ ಕಾದಂಬರಿ, ಪಿಎಚ್‌ಡಿ ಪ್ರಬಂಧ, ಮಠದ ಸ್ಮರಣ ಸಂಚಿಕೆ, ಯಕ್ಷಗಾನ ಪ್ರಸಂಗ, ತಾಲ್ಲೂಕಿನ ವಾರಪತ್ರಿಕೆ, ಲಗ್ನಪತ್ರಿಕೆ ಎಲ್ಲ ಇವುಗಳಲ್ಲೇ ಅಕ್ಷರ ಕಂಡವು.

ತೊಡಕಿರುವುದು ಒಳಗೆ. ಆಗಿನ ವ್ಯವಸ್ಥೆಯಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದುದು ಇಂಗ್ಲಿಷ್ ಚಿಹ್ನೆಗಳನ್ನು. ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತಿದ್ದುದು ಫಾಂಟು. ನುಡಿಯಲ್ಲಿ 'ಕನ್ನಡ' ಎಂದು ಬರೆದು, ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೆರೆಯ ಎ, ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಮತ್ತೊಂದು ಗೆರೆಯ ಎ. ಒಬ್ಬೊಬ್ಬ ತಯಾರಕರ ಜೋಡಣೆ ಒಂದೊಂದು ಥರ. ಪುಟ ಕಟ್ಟಿದ್ದು ಬಹುಪಾಲು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಕೆಲವು ತಂತ್ರಾಂಶಗಳು ಓಡಬೇಕಾದರೆ ಕಂಪ್ಯೂಟರಿನ ಹಿಂದೆ ಪ್ರಿಂಟರಿನ ತೂತಿಗೆ ಚುಚ್ಚುವ ಹಾರ್ಡ್‌ವೇರ್ ಲಾಕ್ ಬೇರೆ ಬೇಕಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಆ ತೂತೇ ಇಲ್ಲ. ಫೈಲು, ಫಾಂಟು, ತಂತ್ರಾಂಶ, ಲಾಕು, ತೂತು ಈ ಐದೂ ಕೂಡಿರುವ ಜಾಗ ಇನ್ನೂ ಉಳಿದಿದ್ದರೆ ಯಾರದೋ ಅಟ್ಟದ ಮೇಲಿನ ಹಳದಿ ಡಬ್ಬದಲ್ಲಿ. ಒಂದೇ ಫ್ಲಾಪಿಯಲ್ಲಿ ಒಂದು ಕಾದಂಬರಿಯ ಪಠ್ಯ ಹಿಡಿಯುತ್ತದೆ ಎಂಬುದು ನೆನಪಿರಲಿ. ಗುಜರಿಗೆ ಹಾಕಿದ ಒಂದು ಪೆಟ್ಟಿಗೆಯಲ್ಲಿ ಎಷ್ಟು ಹೋಯಿತೆಂದು ಆಮೇಲೆ ಯಾರೂ ಹೇಳಲಾರರು.

ಮೇಷ್ಟ್ರಿಗೆ ಆಗ ಚಂದ್ರನ ಕಥೆ ಹೇಳಿದೆ. ಅಪೋಲೋ ಯಾತ್ರಿಗಳು ಎಲ್ಲಿ ಇಳಿಯಬೇಕೆಂದು ನೋಡಲು ನಾಸಾ 1966 ಮತ್ತು 1967ರಲ್ಲಿ ಐದು ಲೂನಾರ್ ಆರ್ಬಿಟರ್ ನೌಕೆಗಳನ್ನು ಕಳಿಸಿತು. ಅವು ಕಳಿಸಿದ ಚಿತ್ರಗಳ ಸಂಕೇತಗಳು ದೊಡ್ಡ ಮ್ಯಾಗ್ನೆಟಿಕ್ ಟೇಪುಗಳಲ್ಲಿ ಉಳಿದವು. ವರ್ಷಗಳು ಉರುಳಿದ ಮೇಲೆ ಈ ಟೇಪುಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ, ನಾಸಾದಲ್ಲಿದ್ದ ನ್ಯಾನ್ಸಿ ಇವಾನ್ಸ್ ಎಂಬಾಕೆ ಬಿಸಾಡಲು ಒಪ್ಪಲಿಲ್ಲ. ಟೇಪು ಓದಲು ಬೇಕಾದ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳು ಅಷ್ಟರಲ್ಲೇ ಅಪರೂಪವಾಗಿದ್ದವು. ಆಕೆ ಅವನ್ನು ಹುಡುಕಿ ತರಿಸಿ, ಬೇರೆಲ್ಲೂ ಜಾಗ ಸಿಗದೆ ತಮ್ಮ ಮನೆಯ ಗ್ಯಾರೇಜಿನಲ್ಲೇ ವರ್ಷಗಟ್ಟಲೆ ಇಟ್ಟುಕೊಂಡರು. ಕೊನೆಗೆ ಡೆನ್ನಿಸ್ ವಿಂಗೋ, ಕೀತ್ ಕೌಯಿಂಗ್ ಮುಂತಾದವರು ಆ ಯಂತ್ರಗಳನ್ನೂ ಟೇಪುಗಳನ್ನೂ ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರಕ್ಕೆ ಸಾಗಿಸಿ, ಮುಚ್ಚಿಹೋಗಿದ್ದ ಒಂದು ಮೆಕ್‌ಡೊನಾಲ್ಡ್ಸ್ ಹೋಟೆಲಿನಲ್ಲಿ ಕೂತು ರಿಪೇರಿ ಮಾಡಿದರು. 1966ರ ಆಗಸ್ಟ್ 23ರಂದು ಚಂದ್ರನ ಅಂಚಿನಿಂದ ತೆಗೆದ ಭೂಮಿಯ ಚಿತ್ರ 2008ರ ನವೆಂಬರಿನಲ್ಲಿ ಹಿಂದೆಂದೂ ಕಾಣದಷ್ಟು ಸ್ಪಷ್ಟವಾಗಿ ಹೊರಬಂತು. ಒಬ್ಬ ಹೆಣ್ಣುಮಗಳು ಗ್ಯಾರೇಜಿನ ಜಾಗ ಬಿಟ್ಟುಕೊಡದೆ ಹೋಗಿದ್ದರೆ ಆ ಟೇಪುಗಳು ಇದ್ದೂ ಇಲ್ಲದಂತಾಗುತ್ತಿದ್ದವು.

"ನಮ್ಮಲ್ಲೂ ಇದೇ ಆಗಿದೆಯಲ್ಲ" ಎಂದು ಮೇಷ್ಟ್ರು ಮೈಸೂರಿನ ಮಾತು ತೆಗೆದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ, ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅಚ್ಚಾಯಿತು. ಯಾವುದೋ ಮನೆಯವರು ತಲೆಮಾರುಗಳ ಕಾಲ ಓಲೆ ಉಳಿಸಿಕೊಂಡಿದ್ದರು. ಅದರ ಗ್ರಂಥಲಿಪಿಯನ್ನು ಓದಬಲ್ಲವರು ಲೈಬ್ರರಿಯಲ್ಲಿದ್ದರು. ಎರಡೂ ಕೂಡಿದ್ದರಿಂದ ಕೆಲಸವಾಯಿತು. ಫ್ಲಾಪಿಗೂ ಅದೇ ನ್ಯಾಯ. ಬರಹವೂ ಉಳಿಯಬೇಕು, ಅದನ್ನು ಓದುವ ಯಂತ್ರವೂ ಉಳಿಯಬೇಕು.

ಆದರೆ ಓಲೆಗರಿಗಿರುವ ಆಯುಷ್ಯ ಫ್ಲಾಪಿಗಿಲ್ಲ. ನಮ್ಮ ಮಳೆಗಾಲದ ಥಂಡಿಗೆ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಫ್ಲಾಪಿಯ ಒಳಗಿನ ತೆಳುಹಾಳೆಗೆ ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ಕೆಡುತ್ತದೆ. ವರ್ಷಗಟ್ಟಲೆ ತಿರುಗದೆ ಕೂತ ಹಾರ್ಡ್‌ಡಿಸ್ಕು ಒಂದು ದಿನ ಏಳುವುದೇ ಇಲ್ಲ. ಮದರ್‌ಬೋರ್ಡಿನ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ರಸ ಸೋರುತ್ತವೆ. 2000ದ ಆಸುಪಾಸಿನಲ್ಲಿ ತಯಾರಾದ ಎಷ್ಟೋ ಬೋರ್ಡುಗಳು ಕಳಪೆ ಕೆಪಾಸಿಟರುಗಳಿಂದಲೇ ಸತ್ತವು. ಇನ್ನೂ ಹಳೆಯ ಬೋರ್ಡುಗಳಲ್ಲಿ ಗಡಿಯಾರಕ್ಕೆಂದು ಬೆಸೆದಿದ್ದ ಪುಟ್ಟ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಆದ್ದರಿಂದ ಬೇಕಾದೀತು ಎಂದು ಇಟ್ಟದ್ದನ್ನು ಬೇಕಾದ ಸ್ಥಿತಿಯಲ್ಲಿಯೂ ಇಡಬೇಕು. ರೈತ ಬಿತ್ತನೆ ಬೀಜ ಇಡುವಾಗ ಇಡೀ ರಾಶಿಯನ್ನು ಇಡುವುದಿಲ್ಲ. ಆರಿಸುತ್ತಾನೆ, ಒಣಗಿಸುತ್ತಾನೆ, ಹುಳು ಬೀಳದಂತೆ ನೋಡುತ್ತಾನೆ. ಅಟ್ಟಕ್ಕೂ ಅಷ್ಟು ವಿವೇಕ ಸಲ್ಲಬೇಕು.

ಮಾಡುವುದು ಕಷ್ಟವಲ್ಲ. ಯುಎಸ್‌ಬಿಗೆ ಚುಚ್ಚುವ ಫ್ಲಾಪಿ ಡ್ರೈವು ಈಗಲೂ ಮಾರಾಟಕ್ಕೆ ಸಿಗುತ್ತದೆ. ಹಳೆಯ ಐಡಿಇ ಹಾರ್ಡ್‌ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸುವ ಅಡಾಪ್ಟರೂ ಸಿಗುತ್ತದೆ. ದೊಡ್ಡ ಡಿಸ್ಕಿಗೆ ಪ್ರತ್ಯೇಕ ಕರೆಂಟು ಕೊಡುವ ಮಾದರಿಯನ್ನೇ ಕೇಳಿ ತನ್ನಿ. ಡಿಸ್ಕು ತೆರೆದುಕೊಂಡರೆ ಮೊದಲು ಎಲ್ಲವನ್ನೂ ನಕಲು ಮಾಡಿ, ಫೈಲು ನೋಡುವುದೆಲ್ಲ ಆಮೇಲೆ. ಫಾಂಟ್ ಫೋಲ್ಡರನ್ನೂ ಜೊತೆಗೆ ನಕಲು ಮಾಡಿಕೊಳ್ಳಿ, ಅದಿಲ್ಲದೆ ಅಕ್ಷರ ಕಾಣುವುದಿಲ್ಲ. ಬರಹದಲ್ಲೂ ನುಡಿಯಲ್ಲೂ ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ತಿರುಗಿಸುವಾಗ ಕೆಲವು ಒತ್ತಕ್ಷರ, ಅರ್ಕಾವತ್ತು ತಪ್ಪಬಹುದು. ಒಮ್ಮೆ ಕೂತು ಓದಿ ತಿದ್ದಬೇಕು. ಮೇಷ್ಟ್ರ ಫ್ಲಾಪಿಗಳಲ್ಲಿ ಕೆಲವು ಓದಲಾಗದೆ ಹೋದವು. ಉಳಿದವು ತೆರೆದವು. ಸ್ಥಳನಾಮದ ಎರಡೂ ಭಾಗ ಸಿಕ್ಕಿವೆ. ಈಗ ದಿನಾ ಬೆಳಿಗ್ಗೆ ತಿದ್ದುತ್ತಾ ಕೂತಿದ್ದಾರೆ.

ಇನ್ನು ಖಂಡಿತ ಇಟ್ಟುಕೊಳ್ಳಬಾರದ್ದನ್ನೂ ಹೇಳಿಬಿಡುತ್ತೇನೆ. ಹಳೇ ಲ್ಯಾಪ್‌ಟಾಪು, ಫೋನುಗಳ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದು ಬೆಂಕಿಯ ಅಪಾಯ. ಅಟ್ಟದ ಬಿಸಿಲ ಶಾಖದಲ್ಲಿ ಒಂದು ದಿನವೂ ಇಡಬೇಡಿ, ಚುಚ್ಚಬೇಡಿ, ಒತ್ತಬೇಡಿ. ಯುಪಿಎಸ್ಸಿನ ಸತ್ತ ಬ್ಯಾಟರಿಯಲ್ಲಿ ಸೀಸವೂ ಆಸಿಡ್ಡೂ ಇವೆ. ಹಳೇ ಮಾನಿಟರಿನ ಗಾಜಿನಲ್ಲೂ ಸೀಸವಿದೆ. ಒಡೆದರೆ ಮಕ್ಕಳು ಓಡಾಡುವ ಮಣ್ಣಿಗೆ ಸೇರುತ್ತದೆ. ಬಿಚ್ಚುವ ಸಾಹಸವಂತೂ ಬೇಡ, ಓಡುವಾಗ ಅದರ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮಿಕ್ಕ ವಿದ್ಯುತ್ತು ಇರುತ್ತದೆ, ಆರಿಸಿದ ಮೇಲೂ ಕೆಲಹೊತ್ತು ನಿಲ್ಲುತ್ತದೆ.

ಕೊಡುವುದು ಯಾರಿಗೆ ಎಂಬುದೂ ಮುಖ್ಯ. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ನಮ್ಮ ಅಕ್ಕಿ ಚೀಲ ಹೋದರೆ ಅದರ ವಿಷದ ಹೊಗೆ ಮೊದಲು ಸೇರುವುದು ಸುಡುವ ಬಡವರ ಎದೆಗೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹಾಕಿದ ಇ-ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದ ದಾಖಲೆಯಿರುವುದು ಶೇ. 22.3 ಮಾತ್ರ. ಹಾಗೆಂದು ಇದು ಬರೀ ಕಸವಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಕಂಪ್ಯೂಟರ್ ಬೋರ್ಡುಗಳಲ್ಲಿ ಅದರ ಹತ್ತಾರು ಪಟ್ಟು ಚಿನ್ನವಿದೆ. ಅದನ್ನು ಸರಿಯಾಗಿ ಬೇರ್ಪಡಿಸುವ ವಿದ್ಯೆ ನಮ್ಮ ಹತ್ತಿರದಲ್ಲೇ ಇದೆ. ಬೆಂಗಳೂರಿನ ಪಕ್ಕದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಘಟಕ 2005ರಿಂದಲೇ ಈ ಕೆಲಸ ಮಾಡುತ್ತಿದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ಕಸದ ಹೊಸ ನಿಯಮಗಳು ತಯಾರಿಸಿದ ಕಂಪನಿಗಳ ಮೇಲೇ ಹೊಣೆ ಹೊರಿಸಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇದೆಯೇ ಎಂದು ಕೇಳಿಯೇ ಕೊಡಿ. ಕೊಡುವ ಮುಂಚೆ ಹಾರ್ಡ್‌ಡಿಸ್ಕು ಬಿಚ್ಚಿಟ್ಟುಕೊಳ್ಳಿ. ಡಿಲೀಟ್ ಒತ್ತಿದ ಮಾತ್ರಕ್ಕೆ ಅದರೊಳಗಿನ ಬ್ಯಾಂಕು ಕಾಗದ, ಫೋಟೋ ಯಾವುದೂ ಅಳಿಯುವುದಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ ಬರೆಯುವ ಹಿರಿಯರಿದ್ದರೆ, ಊರಲ್ಲಿ ಹಳೆಯ ಡಿಟಿಪಿ ಕೇಂದ್ರವಿದ್ದರೆ, ಅಚ್ಚುಕೂಟ ನಡೆಸಿ ಮುಚ್ಚಿದವರು ಪರಿಚಯವಿದ್ದರೆ, ಅವರ ಹಳೇ ಡಬ್ಬ ಗುಜರಿಗೆ ಹೋಗುವ ಮುಂಚೆ ಒಮ್ಮೆ ಹೋಗಿ ಕೇಳಿ. ಯಾವ ತಂತ್ರಾಂಶದಲ್ಲಿ ಬರೆದದ್ದು, ಯಾವ ಫಾಂಟು, ಪಾಸ್‌ವರ್ಡ್ ಏನು ಎಂಬುದನ್ನು ಅವರು ಇರುವಾಗಲೇ ಒಂದು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ. ಬರಹ ಹೊರತೆಗೆದು ಯೂನಿಕೋಡಿಗೆ ತನ್ನಿ, ಎರಡು ಮೂರು ಕಡೆ ನಕಲು ಇಡಿ, ಹಕ್ಕು ನಿಮ್ಮದಾಗಿದ್ದರೆ ಕನ್ನಡ ವಿಕಿಸೋರ್ಸಿಗೋ ಇಂಟರ್‌ನೆಟ್ ಆರ್ಕೈವಿಗೋ ಸೇರಿಸಿ. ಹಳೆಯ ಯಂತ್ರ ಇನ್ನೊಂದು ಮಳೆಗಾಲ ತಾಳುತ್ತದೆ ಎಂಬ ಭರವಸೆಯಿಲ್ಲ. ಅದಕ್ಕೆ ಮುಂಚೆಯೇ ಮಾಡಿ.